ಸಿಸಿಲಿಯಾ ಬಾಯಮ್ಮನ ಕ್ಯಾಸೆಟ್ಟು

ಸಿಸಿಲಿಯಾ ಬಾಯಮ್ಮ ಒಂದೇ ಒಂದು ಮಾತೂ ಆಡದೆ ಇಂಗ್ಲಿಷ್ ಕಲಿಸುತ್ತಿದ್ದರು. ಸಂಜೆಯಾದರೆ ಕಾಪುವಿನ ಅವರ ಮನೆಯ ಜಗಲಿಯಲ್ಲಿ ಸ್ಟೂಲಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಗುಂಡಿ ಒತ್ತಿ, ತಾವು ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತ ಕುಳಿತುಬಿಡುವರು. ಎದುರಿನ ಚಾಪೆಯ ಮೇಲೆ ಗಲ್ಫಿಗೆ ಹೊರಟ ಗಂಡಸರು: ಎರ್ಮಾಳಿನ ದೋಣಿಯವರು, ಕಾರ್ಕಳದ ಬಡಗಿಗಳು. ಯಾರಾದರೂ ಹೊಗಳಿದರೆ, "ನಾನೆಂತ, ಗುಂಡಿ ಒತ್ತುವವಳು ಮಾತ್ರ" ಎನ್ನುವರು.

ಪಾಠ ಮಾಡುತ್ತಿದ್ದದ್ದು ಅವರ ಗಂಡ ಲಾರೆನ್ಸ್ ಪೊರ್ಬುಗಳ ದನಿ. ಬಹರೈನಿನಲ್ಲಿ ಫೋರ್ಮನ್ ಆಗಿದ್ದ ಅವರು, ಊರಿನಿಂದ ಬಂದವರು ಮಾತು ತಿಳಿಯದೆ ಒದ್ದಾಡುವುದನ್ನು ನೋಡಿ, ಒಂದು ಕ್ಯಾಸೆಟ್ಟಿನ ಒಂದು ಬದಿಯ ತುಂಬ ಪಾಠ ಹೇಳಿ ಹೆಂಡತಿಗೆ ಕಳಿಸಿದ್ದರು. ಮರುವರ್ಷ ಅಲ್ಲೇ ತೀರಿಕೊಂಡರು. ಟೇಪಿನಲ್ಲಿ ಅವರು "ವೇರ್ ಈಸ್ ಯುವರ್ ಟೂಲ್ ಬಾಕ್ಸ್?" ಎಂದು ಹೇಳಿ, ಕಲಿಯುವವರಿಗೂ ಹೇಳಲು ಸ್ವಲ್ಪ ಹೊತ್ತು ಬಿಟ್ಟು, "ವೆರಿ ಗುಡ್! ಒನ್ಸ್ ಮೋರ್" ಎನ್ನುವರು. ಯಾರು ಹೇಗೆ ತೊದಲಿದರೂ ವೆರಿ ಗುಡ್.

ನಾನು ಹೈಸ್ಕೂಲಿನ ಇಂಗ್ಲಿಷ್ ಮಾಸ್ತರ. ಬಾಯಮ್ಮನಿಗಿಂತ ಮೊದಲೇ ನನ್ನ ಮನೆಯಲ್ಲಿ ಗಲ್ಫಿಗೆ ಹೋಗುವವರಿಗೆ ಕ್ಲಾಸು ನಡೆಯುತ್ತಿತ್ತು. ಕಪ್ಪುಹಲಗೆಯ ತುಂಬ ವ್ಯಾಕರಣ. ಒಬ್ಬೊಬ್ಬರಾಗಿ ಎಲ್ಲರೂ ಬಾಯಮ್ಮನ ಜಗಲಿ ಸೇರಿದರು. ಕೊನೆಗೆ ಉಳಿದ ಎರ್ಮಾಳಿನ ಸುಂದರನೂ ತಲೆ ಕೆರೆದುಕೊಂಡು ಹೇಳಿದ: "ನಿಮ್ಮ ಪಾಠ ಒಳ್ಳೆದುಂಟು ಮಾಷ್ಟ್ರೇ. ಆದ್ರೆ ಪೊರ್ಬುಗಳು ವೆರಿ ಗುಡ್ ಹೇಳ್ತಾರೆ, ಅಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಎಸ್ಸೆಸ್ಸೆಲ್ಸಿ ದಾಟದ ಹೆಂಗಸು, ಸತ್ತವನ ದನಿ, ಒಂದು ಪೆಟ್ಟಿಗೆ. ಇವರೆದುರು ನಾನು ಬೇಡವಾದೆ! ಉಡುಪಿಗೆ ಹೋಗಿ ನಾನೂ ಒಂದು ಟೇಪ್ ರೆಕಾರ್ಡರ್ ತಂದೆ. ಬಾಯಮ್ಮನ ಬಳಿ ಹೋಗಿ, "ಇದರಲ್ಲಿ ವ್ಯಾಕರಣದ ತಪ್ಪುಗಳುಂಟು, ಗುರುತು ಮಾಡಿ ಕೊಡುತ್ತೇನೆ" ಎಂದು ಕ್ಯಾಸೆಟ್ ಕೇಳಿದೆ. ಅವರು ಅದನ್ನು ಕರ್ಚೀಫಿನಲ್ಲಿ ಸುತ್ತಿ ಕೊಟ್ಟರು.

"ಜಾಗ್ರತೆ ಮಾಷ್ಟ್ರೇ. ಅವರ ದನಿ ಅಂತ ಉಳಿದದ್ದು ಇದೊಂದೇ."

ಮನೆಯಲ್ಲಿ ರೆಕಾರ್ಡ್ ಗುಂಡಿ ಒತ್ತಿದರೆ ಒಳಗೆ ಹೋಗಲೇ ಇಲ್ಲ. ಯಾರೂ ಅಳಿಸಬಾರದೆಂದು ಬಾಯಮ್ಮ ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿದ್ದರು. ಆ ತೂತಿಗೆ ಕಾಗದ ಅಂಟಿಸಿದರೆ ಗುಂಡಿ ಇಳಿಯುತ್ತದೆಂದು ರೆಕಾರ್ಡರ್ ಕೊಂಡ ಅಂಗಡಿಯವನು ಹೇಳಿದ. ಅಂಟಿಸಿದೆ. ಇನ್ನೊಂದು ಬದಿ ಖಾಲಿಯೇ ಇತ್ತು. ಆದರೂ ಪೊರ್ಬುಗಳ ಬದಿಯನ್ನೇ ಹಾಕಿ, ಮೊದಲಿನಿಂದ ನನ್ನ ಪಾಠ ಓದಿದೆ. ಯಾಕೆಂದು ಕೇಳಿದರೆ ಒಂದೇ ಉತ್ತರ: ಹೊಟ್ಟೆಕಿಚ್ಚು.

ಮರುದಿನ ಕ್ಯಾಸೆಟ್ ಹಿಂದಿರುಗಿಸಿ ಜಗಲಿಯಲ್ಲೇ ಕುಳಿತೆ. ಬಾಯಮ್ಮ ಗುಂಡಿ ಒತ್ತಿದರು. ನನ್ನ ದನಿ ಬಂತು. ಗಂಡಸರು ಮುಖ ಮುಖ ನೋಡಿಕೊಂಡರು. ಮಲ್ಲಿಗೆ ಕಟ್ಟುವ ಕೈ ನಿಂತಿತು. ಬಾಯಮ್ಮ ಕ್ಯಾಸೆಟ್ ತೆಗೆದು, ನಾನು ಅಂಟಿಸಿದ ಕಾಗದದ ಮೇಲೆ ಹೆಬ್ಬೆರಳು ಆಡಿಸಿದರು.

"ನಿಮ್ಮ ದನಿ ಸ್ಪಷ್ಟ ಉಂಟು ಮಾಷ್ಟ್ರೇ" ಎಂದರು. ಮತ್ತೆ ಅದನ್ನೇ ಹಾಕಿದರು.

ಕ್ಷಮೆಯನ್ನೂ ಕೇಳದೆ ಬಿರಬಿರನೆ ಮನೆಗೆ ನಡೆದೆ. ಆಮೇಲೂ ದಿನಾ ಸಂಜೆ ಅವರು ಆ ಕ್ಯಾಸೆಟ್ಟನ್ನೇ ಹಾಕುತ್ತಿದ್ದರು. ರಸ್ತೆಯಲ್ಲಿ ಹೋಗುವಾಗ ನನ್ನದೇ ದನಿ ಕೇಳಿಸುತ್ತಿತ್ತು. ಕೊನೆಗೂ ನನ್ನ ಪಾಠ ಗೆದ್ದಿತೆಂದು ಒಳಗೊಳಗೇ ಹಿಗ್ಗಿದೆ ಕೂಡ.

ಕೆಲವು ವರ್ಷಗಳ ಮೇಲೆ ಮಣಿಪಾಲದ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದೆ. ದಿಂಬಿನಡಿಯಿಂದ ಅದೇ ಕರ್ಚೀಫು ತೆಗೆದು ಕೊಟ್ಟು, "ಇನ್ನು ಇದು ನಿಮ್ಮ ಹತ್ರ ಇರಲಿ. ಕೊನೆವರೆಗೆ ಕೇಳಿ, ಆಯ್ತಾ?" ಎಂದರು.

ಅವರು ತೀರಿಹೋದ ಮೇಲೆ ಬಿಚ್ಚಿದೆ. ಕಾಗದವನ್ನು ಕೆರೆದು ತೆಗೆದಿದ್ದರು. ನನ್ನ ದನಿಯನ್ನು ಇನ್ನು ಯಾರೂ ಅಳಿಸುವಂತಿರಲಿಲ್ಲ. ಹಾಕಿ ಕೇಳಿದೆ. ಅರ್ಧ ಗಂಟೆಯ ಆ ಒಣ ಪಾಠ ಮುಗಿದು ಟಕ್ಕೆಂದಿತು. ಅಂದು ನಾನು ರೆಕಾರ್ಡ್ ಮಾಡುವುದನ್ನು ನಿಲ್ಲಿಸಿದ ಮೇಲೂ ಅಂಗೈಯಷ್ಟು ಟೇಪು ಅಳಿಯದೆ ಉಳಿದಿತ್ತು. ಅಲ್ಲಿ ಪೊರ್ಬುಗಳು ಹೇಳಿದರು: "ವೆರಿ ಗುಡ್! ಒನ್ಸ್ ಮೋರ್."

ಅಷ್ಟೂ ವರ್ಷ ಬಾಯಮ್ಮ ನನ್ನ ಪಾಠವನ್ನು ಸಹಿಸಿಕೊಂಡು ಕುಳಿತಿದ್ದು ಇದಕ್ಕಾಗಿ. ಈಗಲೂ ಅದನ್ನು ಹಾಕಿ ಕೇಳುತ್ತೇನೆ. ನನಗಾಗಿ ಹಾಗೆ ಕಾದು ಕುಳಿತವರು ಯಾರೂ ಇಲ್ಲ. ಪೊರ್ಬುಗಳ ಮೇಲೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚು.