ಪಕ್ಕಕ್ಕಿಟ್ಟ ಮಾತ್ರೆಗಳು

ಅಮ್ಮ ಈಚೆಗೆ ಮಾತಿನ ನಡುವೆ ನಿಲ್ಲುತ್ತಿದ್ದಳು. ಫೋನಿನಲ್ಲಿ "ಪುಟ್ಟಿ ಊಟ" ಅನ್ನುವಳು, ಒಂದು ಉಸಿರು ಎಳೆದುಕೊಳ್ಳುವಳು, ಆಮೇಲೆ "ಮಾಡಿದ್ಲಾ" ಅನ್ನುವಳು. ಆ ನಡುವಿನ ಬಿಡುವು ಮಗಳ ತಲೆ ಕೊರೆಯತೊಡಗಿ ವಾರವಾಗಿತ್ತು. ಹಾಲು ಕಾಯಿಸುವಾಗ ಅದೇ, ಮಗುವಿನ ಬಟ್ಟೆ ಹಿಂಡುವಾಗ ಅದೇ. ಮಲಗಿದ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು ನೋಡುವ ಅಭ್ಯಾಸ ಅವಳಿಗೆ ಮೊದಲಿನಿಂದಲೂ ಇತ್ತು. ಈಗ ಫೋನನ್ನು ಕಿವಿಗೆ ಒತ್ತಿಕೊಂಡು ಅಮ್ಮನ ಉಸಿರು ಎಣಿಸುವುದೂ ಸೇರಿಕೊಂಡಿತು.

ಮನೆಯವರೆಲ್ಲ ಅವಳನ್ನು ಕರೆಯುವುದೇ ಗಾಬರಿ ಎಂದು. ಅಣ್ಣ ಇಟ್ಟ ಹೆಸರು. ಯಾರಾದರೂ ಎರಡು ಸಲ ಕೆಮ್ಮಿದರೆ ಅವಳು ಮೂರು ಕಾಯಿಲೆ ಹುಡುಕುತ್ತಿದ್ದಳು. ಮಗು ಹುಟ್ಟಿದ ಮೇಲಂತೂ ಆ ಗಾಬರಿಗೆ ಕೈಕಾಲು ಮೂಡಿದ್ದವು. ಪುಟ್ಟಿಗೆ ಸೊಳ್ಳೆ ಕಚ್ಚಿದ್ದಕ್ಕೆ ಒಮ್ಮೆ ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದ್ದಳು. ಹೀಗಾಗಿ ಅವಳ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಅಮ್ಮ ಒಬ್ಬಳನ್ನು ಬಿಟ್ಟು. ಓದಿದ ಹುಡುಗಿ, ತಿಳಿದೇ ಹೇಳುತ್ತಾಳೆ ಎಂದು ಅಮ್ಮನಿಗೆ ನಂಬಿಕೆ.

ಅಮ್ಮನದು ಬೈಂಡಿಂಗ್ ಅಂಗಡಿಯ ಕೆಲಸ. ಅಪ್ಪ ತೀರಿಕೊಂಡಾಗ ಗಾಬರಿಗೆ ಎರಡು ವರ್ಷ, ಅಣ್ಣನಿಗೆ ಆರು. ಆ ವರ್ಷವೇ ಅಮ್ಮ ಆ ಕಟ್ಟಡದ ಮೂರನೇ ಮಹಡಿ ಹತ್ತಿದ್ದು. ಉದ್ದನೆಯ ಮೇಜು, ಧೂಳು ಹಿಡಿದ ಕಿಟಕಿ, ಅಂಟಿನ ಹುಳಿ ವಾಸನೆ, ಮೂಲೆಯಲ್ಲಿ ರಟ್ಟು ಕತ್ತರಿಸುವ ಯಂತ್ರ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿ ಮಡಿಸಿ ಹದಿನಾರು ಪುಟ ಮಾಡಬೇಕು; ಅದಕ್ಕೆ ಅಲ್ಲಿ ಫಾರಂ ಅನ್ನುತ್ತಾರೆ. ಫಾರಂಗಳನ್ನು ಸಾಲಾಗಿ ಜೋಡಿಸಿ ಹೊಲಿದರೆ ಪುಸ್ತಕ. ಅಮ್ಮ ಮಡಿಸಿದ ಹಾಳೆಯ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅಂಗಡಿಯಲ್ಲಿ ಅವಳಿಗೆ ಮಡಿಕೆಯಮ್ಮ ಎಂಬ ಹೆಸರು ಬಿತ್ತು. ಮನೆಯಲ್ಲಿ ಅವಳು ಮಡಿಸಿಟ್ಟ ಸೀರೆಯನ್ನು ಕಂಡು ಅತ್ತಿಗೆ, "ಇದನ್ನ ಉಟ್ಕೊಳ್ಳೋದಾ ಓದೋದಾ ಅತ್ತೆ?" ಎಂದು ಕೇಳುತ್ತಿದ್ದಳು.

ಅಂಗಡಿಗೆ ಒಂದು ಕಟ್ಟುನಿಟ್ಟಾದ ನಿಯಮವಿತ್ತು. ಹಿಂದೊಮ್ಮೆ ಶಾಲೆಯ ಪುಸ್ತಕವೊಂದರಲ್ಲಿ ಪುಟಗಳು ಅದಲುಬದಲಾಗಿ ಇಡೀ ಕಟ್ಟು ವಾಪಸು ಬಂದಿತ್ತಂತೆ. ಅಂದಿನಿಂದ ಯಾವ ಫಾರಂ ಮೇಲೆ ಯಾರಿಗೆ ಅನುಮಾನ ಬಂದರೂ ಅದಕ್ಕೆ ದಾರ ಕಟ್ಟಿ, ಅನುಮಾನ ಪಟ್ಟವರ ಹೆಸರು ಬರೆದ ಚೀಟಿ ಸಿಕ್ಕಿಸಿ, ಮೇಜಿನ ಕೆಳಗಿನ ಹಲಗೆಯ ಮೇಲೆ ಇಡಬೇಕು. ಅನುಮಾನ ಪಟ್ಟವರೇ ವಿಚಾರಿಸಿ ಬಂದು 'ಸರಿಯಿದೆ' ಅನ್ನುವ ತನಕ ಬೇರೆಯವರು ಅದನ್ನು ಮುಟ್ಟುವಂತಿಲ್ಲ, ಏನಾಯಿತೆಂದು ಕೇಳಿ ಅವಸರಪಡಿಸುವಂತೆಯೂ ಇಲ್ಲ. ಇಪ್ಪತ್ತಾರು ವರ್ಷ ಅಮ್ಮ ಆ ನಿಯಮ ಮೀರಲಿಲ್ಲ. ಅದು ಅವಳ ಕೈಗೆ ಹತ್ತಿ, ಕೈಯಿಂದ ಮೈಗೂ ಹತ್ತಿತ್ತು.

ಹನ್ನೊಂದು ವರ್ಷದ ಕೆಳಗೆ ಅಮ್ಮನ ಮುಖ ಊದಿಕೊಂಡು, ದನಿ ದಪ್ಪಗಾಗಿ, ಬಾಚಣಿಗೆ ತುಂಬ ಕೂದಲು ಬರತೊಡಗಿದಾಗ ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್ ಕಡಿಮೆ ಇದೆ, ಬದುಕಿರುವ ತನಕ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಎಂದರು ಡಾಕ್ಟರಮ್ಮ. ಅಮ್ಮ ಹಾಗೆಯೇ ನಡೆದುಕೊಂಡಳು. ಮಾತ್ರೆ ನುಂಗಿ ಗೋಡೆ ಗಡಿಯಾರದ ಕಡೆ ಮುಖ ಮಾಡಿ ಕೂತರೆ, ಅರ್ಧ ಗಂಟೆಗೆ ಒಂದು ನಿಮಿಷ ಕಡಿಮೆಯಿದ್ದರೂ ಕಾಫಿ ಲೋಟ ಮುಟ್ಟುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಗಾಬರಿಯ ಮನೆಗೆ ಬಂದಿದ್ದ ಅಮ್ಮ, ಮಗುವನ್ನು ಆಡಿಸುತ್ತಿದ್ದವಳು ತಟ್ಟನೆ ಎದೆಯ ಮೇಲೆ ಅಂಗೈ ಇಟ್ಟುಕೊಂಡಳು.

"ಏನಮ್ಮಾ?"

"ಏನಿಲ್ಲ ಬಿಡೆ. ಎದೆ ಡಬಡಬ ಅಂತು. ಆವಾಗಾವಾಗ ಹಂಗೆ."

ಗಾಬರಿ ಆಗಲೇ ಫೋನು ತೆಗೆದು ಓದುತ್ತಿದ್ದಳು. ಥೈರಾಯ್ಡ್ ಮಾತ್ರೆ ಹೆಚ್ಚಾದರೆ ಎದೆ ಬಡಿತ ಏರುತ್ತದೆ ಎಂದು ಒಂದು ಕಡೆ ಇತ್ತು. ಮುಂದಿನ ಸಾಲನ್ನು ಅವಳು ಓದಲಿಲ್ಲ.

"ಆ ಮಾತ್ರೆ ಎರಡು ದಿನ ನಿಲ್ಲಿಸಮ್ಮ. ನಾನು ಡಾಕ್ಟರನ್ನ ಕೇಳಿ ಹೇಳ್ತೀನಿ."

"ಹೂಂ. ಕೇಳಿ ಹೇಳು."

ಅಂದು ಸಂಜೆ ಪುಟ್ಟಿಗೆ ಜ್ವರ ಬಂತು. ಈ ಸಲ ನಿಜವಾದ ಜ್ವರ. ಐದು ದಿನ ಆಸ್ಪತ್ರೆ. ಪುಟ್ಟ ಕೈಗೆ ಸೂಜಿ, ಸೂಜಿಯ ಮೇಲೆ ಪ್ಲಾಸ್ಟರು. ಮನೆಗೆ ಬರುವ ಹೊತ್ತಿಗೆ ಗಾಬರಿಯ ತಲೆಯಿಂದ ಲೋಕವೇ ಜಾರಿಹೋಗಿತ್ತು. ಡಾಕ್ಟರನ್ನು ಕೇಳುವ ಮಾತೂ ಅದರ ಜೊತೆಗೇ ಹೋಯಿತು. ಅಮ್ಮ ದಿನಾ ಫೋನು ಮಾಡುತ್ತಿದ್ದಳು. ಪುಟ್ಟಿ ಹೇಗಿದ್ದಾಳೆ, ನೀನು ನಿದ್ದೆ ಮಾಡಿದೆಯಾ ಎಂದು ಕೇಳುತ್ತಿದ್ದಳೇ ಹೊರತು ಮಾತ್ರೆಯ ಸುದ್ದಿ ಎತ್ತಲಿಲ್ಲ.

ಆಮೇಲೆ ಆದದ್ದೆಲ್ಲ ನಿಧಾನವಾಗಿ ಆಯಿತು. ಅಮ್ಮನಿಗೆ ಚಳಿ ಹೆಚ್ಚಾಯಿತು. ಮೂರು ಮಹಡಿ ಹತ್ತಲು ಮೂರು ಕಡೆ ಕೂರತೊಡಗಿದಳು. "ವಯಸ್ಸಾಯ್ತಲ್ಲ" ಎಂದು ಅಣ್ಣ ಟಾನಿಕ್ ತಂದುಕೊಟ್ಟ. ಹನ್ನೊಂದು ವರ್ಷ ಒಂದು ದಿನವೂ ಮಾತ್ರೆ ತಪ್ಪಿಸದವಳನ್ನು ಮಾತ್ರೆ ನುಂಗಿದೆಯಾ ಎಂದು ಯಾರು ಕೇಳುತ್ತಾರೆ?

ಹೋದ ತಿಂಗಳು ಅಮ್ಮ ಮಡಿಸಿದ ಫಾರಂಗಳಲ್ಲಿ ಪುಟಗಳು ಹಿಂದುಮುಂದಾದವು. ಒಂದಲ್ಲ, ಒಂದಿಡೀ ಕಟ್ಟು. ಅಂಗಡಿಯ ಯಜಮಾನರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಕುರ್ಚಿ ಎಳೆದು ಎದುರಿಗೆ ಕೂತು, "ಸಾಕಮ್ಮ, ಎಷ್ಟು ದುಡಿದಿದ್ದೀರಿ. ಇನ್ನು ಮನೇಲಿ ಆರಾಮಾಗಿರಿ" ಎಂದರು. ಅಂಟು ಕಲಸುವ ಹೆಂಗಸು ಕೆಳಗಿನವರೆಗೂ ಕೈಹಿಡಿದು ಇಳಿಸಿದಳು. "ಮಡಿಕೆಯಮ್ಮ, ನೀವಿಲ್ದೆ ಇವರ ಪುಸ್ತಕ ಎಲ್ಲಾ ಸೊಟ್ಟಗಾಗಲಿ" ಎಂದು ನಗಿಸಲು ನೋಡಿದಳು. ಅಮ್ಮ ನಗಲಿಲ್ಲ. ಮನೆಗೆ ಬಂದು ಮಂಚದ ತುದಿಯಲ್ಲಿ ಕೂತು ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳಂತೆ. ಅತ್ತಿಗೆ ಹೇಳಿದ್ದು.

ಮಾತಿನ ನಡುವಿನ ಆ ಬಿಡುವನ್ನು ಒಂದು ವಾರ ಕೇಳಿದ ಮೇಲೆ ಗಾಬರಿ ಮಗುವನ್ನೆತ್ತಿಕೊಂಡು ಅಮ್ಮನಿದ್ದ ಅಣ್ಣನ ಮನೆಗೆ ಹೊರಟಳು. ಅಣ್ಣ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಬಾಗಿಲು ತೆರೆದು, "ಬಂದ್ಲಪ್ಪ ನಮ್ಮ ಗಾಬರಿ. ಇವತ್ತು ಯಾವ ಕಾಯಿಲೆ ಓದ್ಕೊಂಡು ಬಂದೆ?" ಎಂದು ಪುಟ್ಟಿಯನ್ನು ಕಿತ್ತುಕೊಂಡಳು.

ಒಳಗೆ ಅಮ್ಮ ದಿಂಬಿಗೆ ಒರಗಿ ಕೂತಿದ್ದಳು. ಹೊರಗೆ ಸುಡುವ ಬಿಸಿಲು. ಅವಳ ಮೈಮೇಲೆ ಸ್ವೆಟರು, ಅದರ ಮೇಲೆ ಶಾಲು. ರೆಪ್ಪೆಗಳು ಉಬ್ಬಿ ಕಣ್ಣುಗಳು ಚಿಕ್ಕವಾಗಿದ್ದವು. ಮಗಳನ್ನು ಕಂಡು ಏಳಲು ಹೋಗಿ, ಅಷ್ಟಕ್ಕೇ ಏದುಸಿರು ಬಂದು ಮತ್ತೆ ಒರಗಿದಳು.

"ಮಲಗೋದಲ್ವಾಮ್ಮ?"

"ಮಲಗಿದ್ರೆ ಉಸಿರು... ಕಟ್ಟುತ್ತೆ ಕಣೆ. ಕೂತ್ರೇ ಸುಖ."

ಗಾಬರಿ ಅಮ್ಮನ ಕಾಲಿಗೆ ಹೊದಿಸಲು ಇನ್ನೊಂದು ಹೊದಿಕೆ ಬೇಕೆಂದು ಬೀರು ತೆಗೆದಳು. ಕೆಳಗಿನ ಅರೆಯಲ್ಲಿ, ಮಡಿಸಿಟ್ಟ ಸೀರೆಗಳ ಪಕ್ಕದಲ್ಲಿ, ಬೈಂಡಿಂಗ್ ದಾರ ಕಟ್ಟಿದ ಒಂದು ಪುಟ್ಟ ಕಟ್ಟು ಇತ್ತು. ಥೈರಾಯ್ಡ್ ಮಾತ್ರೆಯ ಪಟ್ಟಿಗಳು. ದಾರಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ಅಮ್ಮನ ದುಂಡು ಅಕ್ಷರ: 'ಅನುಮಾನ. ಚಿಕ್ಕವಳು ಕೇಳಿ ಹೇಳುತ್ತಾಳೆ.' ಕೆಳಗೆ ತಾರೀಖು. ಪುಟ್ಟಿಗೆ ಜ್ವರ ಬಂದ ದಿನದ ತಾರೀಖು.

ಅವಳು ಕಟ್ಟನ್ನು ಎತ್ತಿ ಅಮ್ಮನ ಮುಂದೆ ಹಿಡಿದಳು.

"ಅಮ್ಮಾ, ಇದನ್ನ ಅವತ್ತಿಂದ ನುಂಗೇ ಇಲ್ವಾ?"

"ನೀನೇ ಹೇಳಿದ್ಯಲ್ಲ."

"ನಾನು ಎರಡು ದಿನ ಅಂದಿದ್ದು."

"ಕೇಳಿ ಹೇಳ್ತೀನಿ ಅಂದಿದ್ದೆ." ಅಮ್ಮ ಉಸಿರು ಎಳೆದುಕೊಂಡಳು. ಆ ಮಾತಿನಲ್ಲಿ ದೂರು ಇರಲಿಲ್ಲ. "ಮಗು ಜೊತೆ... ನಿಂಗೆ ಪುರುಸೊತ್ತೆಲ್ಲಿ? ಕೇಳಿದಾಗ ಹೇಳ್ತಾಳೆ ಅಂತ ಸುಮ್ನಿದ್ದೆ. ಮೊದಮೊದಲು ಡಬಡಬ ಕಮ್ಮೀನೂ ಆಗಿತ್ತು. ಈಗ ಮತ್ತೆ ಶುರುವಾಗಿದೆ."

"ಒಂದು ಸಲ ನೆನಪು ಮಾಡಬಾರದಿತ್ತಾ?"

"ಅವಸರ ಮಾಡ್ಬಾರ್ದಲ್ಲ."

ಗಾಬರಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಯೋಗ್ಯತೆ ಬೇಕು ಅನ್ನಿಸಿತು. ಮಹಡಿ ಮೆಟ್ಟಿಲಿನಲ್ಲಿ ಮೂರು ಕಡೆ ಕೂರುವ ಅಮ್ಮ, ಹಿಂದುಮುಂದಾದ ಪುಟಗಳು, ಎದುರಿಗೆ ಕುರ್ಚಿ ಎಳೆದುಕೊಂಡ ಯಜಮಾನರು, ಎಲ್ಲ ಒಂದರ ಹಿಂದೊಂದು ಕಣ್ಣಮುಂದೆ ಬಂದವು. ಅದು ವಯಸ್ಸಲ್ಲ. ವಯಸ್ಸೆಂದು ಅಮ್ಮನೂ ನಂಬಿದ್ದಳು. ತನ್ನ ಕೈಗಳ ಮೇಲೆ ತಪ್ಪು ಹೊರಿಸಿಕೊಂಡು ಕೂತಿದ್ದಳು.

"ಹಾಗಾದ್ರೆ ಸರಿಯಿದೆ ಅಂತಾ? ಈಗ ಒಂದು... ನುಂಗಲಾ?" ಅಮ್ಮ ಅಂಗೈ ಚಾಚಿದಳು. "ಇಲ್ಲ ಎರಡು ನುಂಗ್ಲಾ, ಬಿಟ್ಟಿದ್ದಕ್ಕೆ?"

ಯಾವ ಪ್ರಶ್ನೆಗೂ ಒಂದು ಉತ್ತರ ಸಿದ್ಧವಿಟ್ಟುಕೊಂಡಿರುತ್ತಿದ್ದ ಗಾಬರಿಗೆ ಈಗ ಫೋನು ತೆಗೆದು ಓದಲು ಧೈರ್ಯವಾಗಲಿಲ್ಲ. ಹೂಂ ಅಂದರೂ ಭಯ, ಬೇಡ ಅಂದರೂ ಭಯ. ಒಮ್ಮೆ ಅಂದದ್ದಕ್ಕೇ ಅಮ್ಮ ಈ ಸ್ಥಿತಿಗೆ ಬಂದಿದ್ದಳು.

"ಡಾಕ್ಟರಮ್ಮನಿಗೆ ಫೋನ್ ಮಾಡ್ತೀನಿ."

"ಬೇಡ ಕಣೆ. ಯಾರು ಹೇಳಿದ್ದು ಅಂತ ಕೇಳ್ತಾರೆ. ನಿನ್ನ ಅಣ್ಣನಿಗೂ ಗೊತ್ತಾಗುತ್ತೆ. ಮೊದಲೇ ನಿನ್ನ ಮಾತಂದ್ರೆ ಅವನಿಗೆ ತಾತ್ಸಾರ. ಇನ್ನು ಜೀವಮಾನ ಎಲ್ಲಾ ಎತ್ತಿ ಆಡ್ತಾನೆ." ಇಷ್ಟು ಹೇಳುವಷ್ಟರಲ್ಲಿ ಅಮ್ಮ ಉಸಿರಿಗಾಗಿ ನಾಲ್ಕು ಸಲ ನಿಂತಿದ್ದಳು. "ನಾನೇ ಮರೆತೆ ಅಂತ ಹೇಳಿಬಿಡೋಣ. ವಯಸ್ಸಾಯ್ತು, ಮರೆವು. ನಂಬ್ತಾರೆ."

ನಂಬುತ್ತಾರೆ. ಅದೇ ಗಾಬರಿಯನ್ನು ಇರಿದದ್ದು. ಅಮ್ಮ ಮರೆತಳು ಅಂದರೆ ಎಲ್ಲರೂ ನಂಬುತ್ತಾರೆ. ಒಂದು ಘಳಿಗೆ, ಒಂದೇ ಘಳಿಗೆ, ಹಾಗೇ ಆಗಲಿ ಅನ್ನಿಸಿತು. ಅಷ್ಟರಲ್ಲಿ ಅತ್ತಿಗೆ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಲ್ಲಿ ನಿಂತು, "ಏನದು ಗುಸುಗುಸು?" ಎಂದಳು.

ಗಾಬರಿ ಡಾಕ್ಟರಮ್ಮನ ನಂಬರು ಒತ್ತಿದಳು. ಆ ಕಡೆಯಿಂದ ಅವಸರದ ದನಿ ಕೇಳಿತು.

"ಹೇಳಿ."

"ಡಾಕ್ಟರೇ, ನಮ್ಮಮ್ಮ ಹನ್ನೊಂದು ವರ್ಷದಿಂದ ನಿಮ್ಮ ಪೇಷೆಂಟು. ಬೈಂಡಿಂಗ್ ಕೆಲಸದವರು. ಥೈರಾಯ್ಡ್ ಮಾತ್ರೆ ನಿಂತು ನಾಲ್ಕು ತಿಂಗಳಾಗಿದೆ."

"ನಾಲ್ಕು ತಿಂಗಳಾ? ಯಾಕೆ ನಿಲ್ಲಿಸಿದ್ರು?"

"ಅವರು ನಿಲ್ಲಿಸಿದ್ದಲ್ಲ. ಎದೆ ಹೊಡ್ಕೊಳ್ಳುತ್ತೆ ಅಂದಿದ್ದಕ್ಕೆ ನಾನೇ ನಿಲ್ಲಿಸು ಅಂದೆ. ನಿಮ್ಮನ್ನ ಕೇಳಿ ಹೇಳ್ತೀನಿ ಅಂತ ಮಾತು ಕೊಟ್ಟು ಮರೆತುಬಿಟ್ಟೆ. ಅವರು ಕಾಯ್ತಾ ಇದ್ರು."

ಬಾಗಿಲಲ್ಲಿದ್ದ ಅತ್ತಿಗೆ ಪುಟ್ಟಿಯನ್ನು ನೆಲಕ್ಕಿಳಿಸಿ ಒಳಗೆ ಬಂದಳು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

"ಎದೆ ಹೊಡ್ಕೊಳ್ಳೋಕೆ ಹತ್ತು ಕಾರಣ ಇರುತ್ತಲ್ರೀ" ಎಂದರು ಡಾಕ್ಟರಮ್ಮ. "ಇರ್ಲಿ. ಈಗ ಹೇಗಿದ್ದಾರೆ?"

"ಮೈಯೆಲ್ಲ ಊದಿದೆ. ಚಳಿ ಅಂತಾರೆ. ಮಲಗೋಕಾಗಲ್ಲ, ಉಸಿರು ಕಟ್ಟುತ್ತೆ. ಈಗ ಒಂದು ಮಾತ್ರೆ ಕೊಡ್ಲಾ?"

"ಬೇಡ. ನಾನು ನೋಡೋ ತನಕ ಏನೂ ಕೊಡಬೇಡಿ. ಇಷ್ಟು ದಿನ ಬಿಟ್ಟ ಮೇಲೆ ಏಕ್‌ದಂ ಶುರು ಮಾಡಿದ್ರೆ ಹೃದಯಕ್ಕೆ ಭಾರ. ಫೋನ್ ಅವರ ಬಾಯಿ ಹತ್ರ ಹಿಡೀರಿ. ಒಂದೇ ಉಸಿರಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸೋಕೆ ಹೇಳಿ."

ಗಾಬರಿ ಮಂಚದ ಅಂಚಿಗೆ ಕೂತು ಫೋನನ್ನು ಅಮ್ಮನ ತುಟಿಯ ಬಳಿ ಹಿಡಿದಳು. ಅಮ್ಮ ಮಗಳ ಮುಖ ನೋಡಿದಳು, ಮೊದಲಿನ ಹಾಗೆಯೇ, ಅವಳು ಹೇಳಿದರೆ ಸರಿ ಅನ್ನುವ ಹಾಗೆ.

"ಎಣಿಸಮ್ಮ."

"ಒಂದು, ಎರಡು, ಮೂರು, ನಾಲ್ಕು..." ಐದು ಬಂತು. ಆರು ಬರಲು ತಡವಾಯಿತು. ಅಮ್ಮ ತುಟಿ ಆಡಿಸಿದಳು, ದನಿ ಹೊರಡಲಿಲ್ಲ.

"ಸಾಕು" ಎಂದರು ಡಾಕ್ಟರಮ್ಮ. "ಸಂಜೆ ತನಕ ಕಾಯಬೇಡಿ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಬನ್ನಿ, ನಾನೂ ಬರ್ತೀನಿ. ಕೂರಿಸ್ಕೊಂಡೇ ಬನ್ನಿ, ನಡೆಸಬೇಡಿ. ಜೊತೆಗೆ ಯಾರಿದ್ದಾರೆ?"

"ನಾನಿದ್ದೀನಿ" ಎಂದಳು ಗಾಬರಿ. ಅತ್ತಿಗೆ ಆಗಲೇ ಅಮ್ಮನ ಚಪ್ಪಲಿ ಹುಡುಕುತ್ತ ಮಂಚದ ಕೆಳಗೆ ಬಗ್ಗಿದ್ದಳು.