ಬೀಗದ ಹಾಡು ಕಟ್ಟಿದವಳು

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಚ್ಚುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಅದೇ ಮೆಷಿನ್ನಿನ ಮುಂದೆ ಕೂತಿದ್ದರಿಂದ ಎಲ್ಲರಿಗೂ ಅವಳು ಗುಂಡಿಯಕ್ಕ. “ಅಕ್ಕನ್ನ ನಂಬಿದ್ರೆ ಗುಂಡೀಗೇ ಬೀಳೋದು” ಎಂದು ಜೊತೆಯವರು ರೇಗಿಸಿದರೆ, “ಬೀಳ್ರೇ, ದಾರ ಹಾಕಿ ಎಳ್ಕೋತೀನಿ” ಎನ್ನುವಳು.

ಅವಳು ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ನನ್ನ ಸಂಜೆ ತರಗತಿಯಲ್ಲಿ. ಕಾಗುಣಿತಕ್ಕಿಂತ ಮೊದಲು ಪ್ರಾಸ ಕೈಗೆ ಹತ್ತಿತು. ಕೆಟ್ಟ ಫ್ಯಾನಿಗೊಂದು, ನೀರು ಬಾರದ ನಲ್ಲಿಗೊಂದು ಹಾಡು ಕಟ್ಟಿದಳು. ಊಟದ ಬಿಡುವಿನಲ್ಲಿ ಹತ್ತು ಹೆಂಗಸರು ಗೇಟಿನ ಬಳಿ ನಿಂತು ಹಾಡಿದರೆ ವಾರದೊಳಗೆ ರಿಪೇರಿಯವನು ಬರುತ್ತಿದ್ದ.

ಮೂರನೆಯ ಮಹಡಿಯ ಹಿಂಬಾಗಿಲಿನ ವಿಷಯ ಹಾಗಿರಲಿಲ್ಲ. ಬಟ್ಟೆ ಕಳುವಾಗುತ್ತದೆಂದು ಅದಕ್ಕೆ ಸದಾ ಬೀಗ. ಒಂದು ದಿನ ಇಸ್ತ್ರಿ ವಿಭಾಗದಲ್ಲಿ ಹೊಗೆಯೆದ್ದು, ಇನ್ನೂರು ಹೆಂಗಸರು ಆ ಬಾಗಿಲಿಗೆ ಬಂದು ಒತ್ತಿಕೊಂಡರು. ಕೀಲಿಯಿದ್ದ ಮೇಸ್ತ್ರಿ ಕೆಳಗೆ ಚಹಾ ಕುಡಿಯುತ್ತಿದ್ದ. ಹೊಗೆ ತಾನಾಗಿ ಅಡಗಿತು, ಯಾರಿಗೂ ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವಳು ಕೂತಲ್ಲಿ ಕೂರಲಾರದವಳಾದಳು. ಹೊಲಿಯುತ್ತ ಹೊಲಿಯುತ್ತ ತಿರುಗಿ ಬಾಗಿಲು ನೋಡುವಳು. ಎಂದೂ ಗುರುತು ತಪ್ಪದವಳು ಒಂದೇ ವಾರದಲ್ಲಿ ಆರು ಅಂಗಿಗೆ ಗುಂಡಿಯನ್ನು ಓರೆಯಾಗಿ ಹಚ್ಚಿದಳು. ಆ ಚಡಪಡಿಕೆಯಲ್ಲೇ ಹಾಡು ಹುಟ್ಟಿತು:

ಬೆಂಕಿ ಬಂದ್ರೆ ಓಡೋದೆಲ್ಲಿ? ಬೀಗ ತೆಗೀರಿ.
ಹೊಗೆ ತುಂಬಿದ್ರೆ ಉಸಿರೆಲ್ಲಿ? ಬೀಗ ತೆಗೀರಿ.

ತೊಡಕು ಬಂದದ್ದು ಇಲ್ಲಿ. ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡ ಆ ಮೇಸ್ತ್ರಿ ಅವಳ ಬೀಗನೇ. ಒಬ್ಬಳೇ ಮಗಳನ್ನು ಅವನ ಮಗನಿಗೆ ಕೊಟ್ಟಿದ್ದಳು. ಮಗಳಿಗೆ ಈಗ ಏಳು ತಿಂಗಳು. “ಬೀಗರನ್ನ ಕೆಲಸದಿಂದ ತೆಗೆಸ್ತಾಳಂತೆ ನಮ್ಮಕ್ಕ” ಎಂದು ಮಹಡಿಯಿಂದ ಮಹಡಿಗೆ ನಗೆ ಹಬ್ಬಿತು. ಅದು ಮೇಸ್ತ್ರಿಯ ಕಿವಿಗೂ ಬಿತ್ತು. ಗೇಟಿನಲ್ಲಿ ಆ ಹಾಡು ಕೇಳಿಸಿದರೆ ಬೀಗಿತ್ತಿ ನಮ್ಮ ಹೊಸಿಲು ತುಳಿಯುವುದು ಬೇಡ ಎಂದು ಮಗನ ಕೈಯಲ್ಲಿ ಹೇಳಿ ಕಳಿಸಿದ.

ಮರುದಿನ ಮಧ್ಯಾಹ್ನ ಹಾಡುವುದೆಂದು ನಿಶ್ಚಯವಾಗಿತ್ತು. ಅಂದು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವಳು ನಮ್ಮ ಮನೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಮೇಷ್ಟ್ರೇ, ಆ ಒಂದು ಮಾತು ಬದಲಾಯಿಸಿಕೊಡಿ.”

“ಚಿಲಕ ತೆಗೀರಿ ಅನ್ನಮ್ಮ.”

“ಚಿಲಕ ಒಳಗಿಂದ ನಾನೇ ತೆಗೀತೀನಿ. ಅದಕ್ಕೆ ಹಾಡು ಯಾಕೆ?”

“ಕದ ತೆಗೀರಿ?”

“ಕದ ತೆಗೆದು ಮತ್ತೆ ಹಾಕ್ತಾರೆ. ನಂಗೆ ಬೀಗಾನೇ ಬೇಡ.”

ಎರಡು ಸಲ ಬಾಗಿಲವರೆಗೆ ಹೋಗಿ ಬಂದಳು. ಆಗ ನನಗೆ ವ್ಯಾಕರಣ ನೆನಪಾಯಿತು. ನಪುಂಸಕಲಿಂಗಕ್ಕೆ ದ್ವಿತೀಯಾ ವಿಭಕ್ತಿ ಹತ್ತಿಸಿದರೆ ‘ಬೀಗವ’, ಪುಲ್ಲಿಂಗಕ್ಕಾದರೆ ‘ಬೀಗನ’. “ಬೀಗವ ತೆಗೀರಿ ಅಂತ ಹಾಡು. ಕಬ್ಬಿಣದ್ದು ಅಂತ ಯಾರಿಗಾದರೂ ತಿಳಿಯುತ್ತೆ” ಎಂದೆ. ಅವಳು ಮೂರು ಸಲ ಹೇಳಿ ನೋಡಿ, ಸ್ವಲ್ಪ ಹಗುರಾಗಿ ಹೋದಳು.

ಇನ್ನೂರು ಬಾಯಿಗಳಲ್ಲಿ ನನ್ನ ವಕಾರ ಎಷ್ಟು ಹೊತ್ತು ನಿಂತೀತು ಎಂದು ನಾನು ಯೋಚಿಸಬೇಕಿತ್ತು. ಮನೆಮಾತಿನಲ್ಲಿ ಯಾರೂ ಬೀಗವ ಎನ್ನುವುದಿಲ್ಲ, ಬೀಗಾನ ಎನ್ನುತ್ತಾರೆ. ಮೊದಲ ಸಾಲು ಅವಳು ಸರಿಯಾಗಿಯೇ ಎತ್ತಿಕೊಟ್ಟಳಂತೆ. ಎರಡನೆಯದಕ್ಕೆ ಹಿಂದಿನವರ ಬಾಯಲ್ಲಿ ‘ಬೀಗಾನ’ ಬಂತು, ಮೂರನೆಯದಕ್ಕೆ ದೀರ್ಘವೂ ಉದುರಿ ‘ಬೀಗನ ತೆಗೀರಿ’ ಎಂದಾಯಿತು. ಗೇಟಿನ ಕಾವಲಿನವನು ಕೂಡ ನಕ್ಕ. ಮೇಸ್ತ್ರಿ ಅಲ್ಲೇ ನಿಂತಿದ್ದ.

“ನಿಲ್ಲಿಸ್ತೀರಾ ಬೀಗಿತ್ತಿ?” ಎಂದು ಕೇಳಿದ.

ಹಾಡು ತಗ್ಗಿತು. ಎಲ್ಲರೂ ಅವಳನ್ನೇ ನೋಡಿದರು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

“ನಿಮ್ಮನ್ನಲ್ಲ ಅಂದಿದ್ದು. ಆದ್ರೆ ಬಾಗಿಲು ತೆಗೆಯೋವರೆಗೂ ನಿಲ್ಲಿಸೋಕಾಗಲ್ಲ ಬೀಗರೇ” ಎಂದು ಮತ್ತೆ ಮೊದಲಿನಿಂದ ಎತ್ತಿದಳು.

ನಾಲ್ಕು ದಿನ ಹಾಡಿದರು. ಐದನೆಯ ದಿನ ಮಾಲೀಕರು ಮೇಸ್ತ್ರಿಯ ಕೈಯಿಂದಲೇ ಬೀಗ ತೆಗೆಸಿದರು. ಇನ್ನೂರು ಜನರ ಎದುರು ಅವನು ತಲೆ ತಗ್ಗಿಸಿ ಕೀಲಿ ತಿರುಗಿಸಿದಾಗ ಅವಳಿಗೆ ನಗಲು ಆಗಲಿಲ್ಲವಂತೆ.

ಅಂದು ಸಂಜೆಯೇ ಅವಳು ಮಗಳ ಮನೆಯ ಮುಂದೆ ಹೋಗಿ ನಿಂತಳು. ಬೀಗ ಬಾಗಿಲಲ್ಲೇ ಇದ್ದ.

“ಹೊಸಿಲು ತುಳೀಬೇಡಿ ಅಂದಿದ್ದೆ.”

“ತುಳಿದಿಲ್ಲ. ಬೀದೀಲಿದ್ದೀನಿ.”

“ಎಷ್ಟು ದಿನ ನಿಲ್ತೀರಿ?”

“ಅವಳನ್ನ ನೋಡದೆ ಇರೋಕಾಗಲ್ಲ. ನೀವೇ ಹೇಳಿ, ಎಷ್ಟು ದಿನ?”

ಅವನು ಒಳಗೆ ಹೋದ. ಇಂದಿಗೆ ಹನ್ನೊಂದು ದಿನ. ಸಂಜೆ ಕೆಲಸ ಮುಗಿದ ಕೂಡಲೇ ನೇರ ಅಲ್ಲಿಗೆ ಹೋಗುತ್ತಾಳೆ. ಮಗಳು ಭಾರದ ಹೊಟ್ಟೆ ಹೊತ್ತು ಹೊರಗೆ ಬಂದು ಬೀದಿಯ ಅಂಚಿಗೆ ಸ್ಟೂಲ್ ಹಾಕುತ್ತಾಳೆ. ಮೊದಮೊದಲು ತಾಯಿ ಎದ್ದುಹೋದ ಕೂಡಲೇ ಮೇಸ್ತ್ರಿ ಅದನ್ನು ಒಳಗೆ ಒಯ್ಯುತ್ತಿದ್ದ. ನಿನ್ನೆ ಒಯ್ಯಲಿಲ್ಲವಂತೆ. “ಮರೆತಿದ್ದೋ, ಬಿಟ್ಟಿದ್ದೋ ಗೊತ್ತಾಗ್ತಿಲ್ಲ ಮೇಷ್ಟ್ರೇ” ಎಂದು ಬೆಳಿಗ್ಗೆ ಹೇಳಲು ಬಂದವಳು ಇಂದೂ ಕೂರಲಿಲ್ಲ, ಹೊತ್ತಾಯಿತೆಂದು ಹೊರಟೇಬಿಟ್ಟಳು.