ಬಿರುಕಿಗೆ ಅಂಟಿಸಿದ ಗಾಜು

ರಸ್ತೆ ಇಲಾಖೆಯ ವರ್ಕ್ ಇನ್‌ಸ್ಪೆಕ್ಟರ್ ಜಯಸಿಂಹ ಸೇತುವೆಗಳ ಮೇಲೆ ಓಡಾಡಿದ್ದಕ್ಕಿಂತ ಅವುಗಳ ಕೆಳಗೆ ಕೂತಿದ್ದೇ ಹೆಚ್ಚು. ಹೆಬ್ಬಾಳದಿಂದ ಯಲಹಂಕದವರೆಗಿನ ಮೂವತ್ತೊಂದು ಮೋರಿ, ಸಣ್ಣ ಸೇತುವೆಗಳು ಅವರ ಪಾಲಿಗಿದ್ದವು. ಮಳೆಗಾಲ ಮುಗಿದೊಡನೆ ಆರ್.ಟಿ. ನಗರದ ಮನೆಯಿಂದ ಸೈಕಲ್ ಹತ್ತಿ ಹೊರಡುತ್ತಿದ್ದರು. ಪ್ಯಾಂಟು ಮಡಚಿ ಹಳ್ಳಕ್ಕಿಳಿದು, ಒಂದೊಂದು ಕಲ್ಲನ್ನೂ ಪುಟ್ಟ ಸುತ್ತಿಗೆಯಿಂದ ತಟ್ಟಿ ಕಿವಿಗೊಡುತ್ತಿದ್ದರು. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಸಡಿಲವಾದದ್ದು ದಬ್ ಎನ್ನುತ್ತದೆ. ಆಫೀಸಿನವರು ‘ಮೋರಿ ಜಯಸಿಂಹ’ ಎಂದು ಕರೆದರೆ ಅವರಿಗೆ ಬೇಸರವೇನೂ ಇರಲಿಲ್ಲ.

೧೯೮೧ರ ನವೆಂಬರಿನಲ್ಲಿ, ಕೆಂಪಾಪುರದ ಆಚೆಯ ಹಳ್ಳದ ಕಲ್ಲುಸೇತುವೆಯಲ್ಲಿ ಅವರಿಗೆ ಒಂದು ಬಿರುಕು ಕಂಡಿತು. ಪಕ್ಕದ ಗೋಡೆಯಿಂದ ಇಳಿದು ಕಮಾನಿನ ಒಳಗೂ ಹೋಗಿತ್ತು. ಆಚೆ ದಡದ ಊರಿಗೆ ಆ ವರ್ಷವಷ್ಟೇ ಬಸ್ಸು ಬಂದಿತ್ತು. ಬಿರುಕು ಹಳೆಯದಾಗಿ ಸುಮ್ಮನಿದ್ದರೆ ಭಯವಿಲ್ಲ. ಬೆಳೆಯುತ್ತಿದ್ದರೆ ಬಸ್ಸು ನಿಲ್ಲಿಸಲೇಬೇಕು. ಫೋಟೊಗಳಿಗೆ ಕಟ್ಟು ಹಾಕುವ ಮೊಯಿನುದ್ದೀನ್ ಸಾಹೇಬರ ಅಂಗಡಿಯಿಂದ ತಂದ ಗಾಜಿನ ಪಟ್ಟಿಯನ್ನು ಗೋಡೆಯ ಬಿರುಕಿಗೆ ಅಡ್ಡಲಾಗಿಟ್ಟು, ಎರಡು ತುದಿಗೂ ಸಿಮೆಂಟು ಮೆತ್ತಿ, ಅದರ ಮೇಲೆ ತಾರೀಖು ಗೀಚಿದರು. ಕಲ್ಲು ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ.

ಮರುವಾರ ನೋಡಿದರೆ ಒಡೆದಿತ್ತು. ಇನ್ನೊಂದು ಅಂಟಿಸಿದರು, ಅದೂ ಒಡೆಯಿತು. ಆದರೆ ಕಲ್ಲು ಸರಿದರೆ ಗಾಜು ಒಂದೇ ಗೆರೆಯಾಗಿ ಬಿರಿಯಬೇಕು. ಇದು ಪುಡಿಪುಡಿಯಾಗಿತ್ತು. ಮುಟ್ಟಿದರೆ ಅಂಟು. ಮೂಸಿದರೆ ಹುಳಿತ ತೆಂಗಿನ ವಾಸನೆ.

ಮೂರನೆಯದನ್ನು ಅಂಟಿಸಿ, ಶುಕ್ರವಾರ ಬೆಳಿಗ್ಗೆ ಈಚೆ ದಡದ ಹೊಂಗೆಮರದ ಮರೆಯಲ್ಲಿ ಕಾದರು. ಆಚೆ ಊರಿನ ಮುನಿನಾರಾಯಣಮ್ಮ ಸೊಪ್ಪಿನ ಕುಕ್ಕೆ ಕೆಳಗಿಟ್ಟು, ಸಿಮೆಂಟಿಗೆ ಅರಿಶಿನ ಕುಂಕುಮ ಹಚ್ಚಿ, ಗಾಜಿನ ಮೇಲೆಯೇ ಕಾಯಿ ಒಡೆದಳು.

“ಏನಮ್ಮ, ಗಾಜು ಯಾಕೆ ಒಡೀತೀರಿ?”

“ನಾನ್ ಒಡ್ದಿದ್ದು ಕಾಯಿ ಸೋಮಿ. ಸರ್ಕಾರದೋರೇ ಸೇತ್ವೆಗೆ ರಕ್ಸೆ ಕಟ್ಟವ್ರೆ. ಬಸ್ಸು ನಿಲ್ದೇ ಇರ್ಲಿ ಅಂತ ನಾವೊಂದು ಕಾಯಾದ್ರೂ ಒಡೀಬೇಡ್ವಾ?”

“ರಕ್ಷೆ ಅಲ್ಲಮ್ಮ, ನಾನು ಅಂಟಿಸಿದ್ದು.”

“ಅಂಗಾದ್ರೆ ಪೂಜಾರಪ್ಪ ನೀವೇ ಅನ್ನಿ.”

ಜಯಸಿಂಹರಿಗೆ ನಗು ಬಂತು. ಸೇತುವೆಗೆ ಭಯವಿಲ್ಲವೆಂದು ಬರೆದು ಮನೆಗೆ ಹೋಗಬಹುದಿತ್ತು. ಆದರೆ ಕಾಯಿಯಿಂದ ಒಡೆದ ಗಾಜು ಕಲ್ಲಿನ ವಿಷಯ ಏನನ್ನೂ ಹೇಳುವುದಿಲ್ಲವಲ್ಲ. ಕಮಾನಿನ ಕೆಳಗೆ ತೆವಳಿ, ಯಾರ ಕಣ್ಣಿಗೂ ಬೀಳದ ಕಡೆ ನಾಲ್ಕನೆಯ ಪಟ್ಟಿ ಅಂಟಿಸಿದರು.

ಎಂಟು ದಿನದ ಮೇಲೆ ಟಾರ್ಚ್ ಬಿಟ್ಟು ನೋಡಿದರು. ಗಾಜಿನ ನಡುವೆ ಒಂದೇ ಒಂದು ನೇರ ಗೆರೆ.

ಮೇಲೆ ಮುನಿನಾರಾಯಣಮ್ಮ ಬಸ್ಸಿಗೆ ಕಾಯುತ್ತಿದ್ದಳು. ಬಿರುಕು ಬೆಳೆಯುತ್ತಿದೆ, ಬಸ್ಸು ನಿಲ್ಲಿಸಬೇಕು ಎಂದು ಅವರು ಹೇಳಿದಾಗ ಅವಳ ಮುಖ ಸಣ್ಣಗಾಯಿತು. “ಕುಕ್ಕೆ ಒತ್ಕೊಂಡು ಎಬ್ಬಾಳದ್ ಗಂಟ ನಡ್ದೂ ನಡ್ದೂ ಕಾಲು ಸವ್ದೋಗವೆ. ನಿಲ್ಲಿಸ್‌ಬೇಡಿ ಸೋಮಿ.”

ಅವರು ಟಾರ್ಚನ್ನು ಅವಳ ಕೈಗೆ ಕೊಟ್ಟರು. ಅವಳು ಕೆಳಗಿಳಿದಳು. ಗಾಜನ್ನು ನೋಡಿದಳು, ಬಿರುಕಿಗೆ ಉಗುರಿಟ್ಟಳು. ಮೇಲೆ ಹತ್ತಿಬಂದು ಟಾರ್ಚನ್ನು ವಾಪಸು ಕೊಟ್ಟಳು.

“ಬಸ್ಸು ಈ ದಡದಾಗೇ ತಿರುಗ್ಕೊಂಡ್ರೆ? ಸೇತ್ವೆ ನಾವ್ ನಡ್ಕೊಂಡು ದಾಟ್ತೀವಿ.”

“ನಡೆದು ದಾಟಿದ್ರೆ ತೊಂದ್ರೆ ಇಲ್ಲ. ಆದ್ರೆ ಬಸ್ಸು ತಿರುಗೋಕೆ ಜಾಗ ಎಲ್ಲಿದೆ?”

“ಆ ಹೊಂಗೆಮರದ ಪಕ್ಕದ ಒಲ ನಮ್ದೇ. ರಾಗಿ ಕೊಯ್ದಾಗೈತೆ.”

ಜಯಸಿಂಹ ಹೊಲವನ್ನು ಹೆಜ್ಜೆಯಿಂದ ಅಳೆದರು. ಅಗಲ ಇಪ್ಪತ್ತೆರಡು ಹೆಜ್ಜೆ, ಸಾಕು. ದುರಸ್ತಿಯಾಗುವವರೆಗೆ ಸೇತುವೆಯ ಮೇಲೆ ಬಸ್ಸು, ಲಾರಿ ಬಿಡಬಾರದು, ಬಸ್ಸು ಈಚೆ ದಡದಲ್ಲೇ ತಿರುಗಲಿ ಎಂದು ವರದಿ ಬರೆದು ಅವಳಿಗೆ ಓದಿ ಹೇಳಿದರು.

“ಬದು ಮುಟ್ಬಾರ್ದು ಅಂತ್ಲೂ ಬರ್ಕಳಿ,” ಎಂದಳು.

ಅವರು ಅದನ್ನೂ ಬರೆದುಕೊಂಡರು.